2025ರಲ್ಲಿ ಜೈಂಟ್ಸ್ ಪ್ಲೇಆಫ್ ತಲುಪುತ್ತದೆಯೇ? ಬಸ್ಟರ್ ಪೋಸಿಯ ಮೊದಲ ಚಳಿಗಾಲದ ಲೆಕ್ಕಾಚಾರ

ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಈ ಚಳಿಗಾಲದಲ್ಲಿ ಯಾರನ್ನು ಸೇರಿಸಿಕೊಂಡಿತು, ಯಾರನ್ನು ಕಳೆದುಕೊಂಡಿತು, 2025ರಲ್ಲಿ ಪ್ಲೇಆಫ್ ತಲುಪುವಷ್ಟು ಬಲ ಈ ತಂಡಕ್ಕಿದೆಯೇ ಎಂದು ಕೇಳಿದ್ದೀರಿ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಹೊಸಬರು, ಕ್ರಿಕೆಟ್ ನೋಡಿ ಬೆಳೆದವರು, ಬೇಸ್‌ಬಾಲ್ ಈಗಷ್ಟೇ ರುಚಿಸತೊಡಗಿದೆ ಎಂದೂ ಹೇಳಿದ್ದೀರಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇದು 2025ರ ಫೆಬ್ರುವರಿಯ ಆರಂಭ. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ತಂಡದ ವಸಂತ ಶಿಬಿರ ಶುರುವಾಗಲು ಕೆಲವೇ ದಿನಗಳಿವೆ.

ಮೊದಲು ನೇರ ಉತ್ತರ. ತಂಡ ಕಳೆದ ವರ್ಷಕ್ಕಿಂತ ಚೆನ್ನಾಗಿದೆ, ಆದರೆ ಪ್ಲೇಆಫ್ ಖಚಿತ ಎನ್ನುವಷ್ಟು ಅಲ್ಲ. 162 ಪಂದ್ಯಗಳಲ್ಲಿ 84 ಅಥವಾ 85 ಗೆಲುವು ನನ್ನ ಅಂದಾಜು. ಅದಕ್ಕಿಂತ ಮೇಲೆ ಹೋಗಬೇಕಾದರೆ ಹೊಸದಾಗಿ ಬಂದವರಿಗಿಂತ ಹೆಚ್ಚಾಗಿ, ಆಗಲೇ ತಂಡದಲ್ಲಿದ್ದು ಕಳೆದ ವರ್ಷ ಗಾಯದಿಂದ ಹೊರಗುಳಿದವರು ದುಡಿಯಬೇಕು.

ಹಿನ್ನೆಲೆ ಗೊತ್ತಿಲ್ಲದಿದ್ದರೆ ಈ ಚಳಿಗಾಲ ಅರ್ಥವಾಗುವುದಿಲ್ಲ. 2010, 2012, 2014ರಲ್ಲಿ ವಿಶ್ವ ಸರಣಿ (ಪ್ಲೇಆಫ್‌ನ ಅಂತಿಮ ಹಣಾಹಣಿ) ಗೆದ್ದ ತಂಡವಿದು. 2021ರಲ್ಲಿ 107 ಪಂದ್ಯ ಗೆದ್ದು ತನ್ನದೇ ದಾಖಲೆ ಬರೆಯಿತು. ಆಮೇಲೆ 81, 79, 80 ಗೆಲುವು. ಮೂರು ವರ್ಷ ಅರ್ಧ ಗೆಲುವು ಅರ್ಧ ಸೋಲಿನ ನಡುವೆ ನಿಂತುಬಿಟ್ಟಿತು. ಆ ಅವಧಿಯ ಮುಖ್ಯಸ್ಥ ಫರ್ಹಾನ್ ಝೈದಿ ಬುದ್ಧಿವಂತ ಆಡಳಿತಗಾರ, ಅದರಲ್ಲಿ ಎರಡು ಮಾತಿಲ್ಲ. ಎದುರಾಳಿ ಪಿಚರ್ (ಚೆಂಡೆಸೆಯುವವನು) ಎಡಗೈಯವನೋ ಬಲಗೈಯವನೋ ನೋಡಿ ದಿನಕ್ಕೊಂದು ಬ್ಯಾಟಿಂಗ್ ಪಟ್ಟಿ ಹಾಕುವ ಅವರ ವಿಧಾನ 2021ರಲ್ಲಿ ಅದ್ಭುತವಾಗಿ ಫಲಿಸಿತು. ಮುಂದಿನ ವರ್ಷಗಳಲ್ಲಿ ಅದೇ ವಿಧಾನದಿಂದಾಗಿ, ಇವತ್ತು ಯಾರು ಆಡುತ್ತಾರೆ ಎಂಬುದೇ ಅಭಿಮಾನಿಗೆ ತಿಳಿಯದಂತಾಯಿತು. ದೊಡ್ಡ ಆಟಗಾರರನ್ನು ತರುವ ಪ್ರಯತ್ನಗಳೂ ಒಂದೊಂದಾಗಿ ಕೈಕೊಟ್ಟವು. 2022ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿ ಬೆಳೆದ ಏರನ್ ಜಡ್ಜ್ ನ್ಯೂಯಾರ್ಕ್ ಯಾಂಕೀಸ್‌ನಲ್ಲೇ ಉಳಿದರು. ಅದೇ ತಿಂಗಳು ಕಾರ್ಲೋಸ್ ಕೊರೆಯಾ ಜೊತೆಗಿನ 35 ಕೋಟಿ ಡಾಲರ್ ಒಪ್ಪಂದ ವೈದ್ಯಕೀಯ ತಪಾಸಣೆಯ ಹಂತದಲ್ಲಿ ಮುರಿದುಬಿತ್ತು. ಮರುವರ್ಷ ಶೋಹೇ ಒಟಾನಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದರು.

ಐಪಿಎಲ್ ನೋಡಿದವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಇಲ್ಲಿ ಹರಾಜು ಇಲ್ಲ. ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಆರು ವರ್ಷ ಸೇವೆ ಮುಗಿಸಿ, ಒಪ್ಪಂದದ ಕಟ್ಟು ಕಳಚಿದ ಆಟಗಾರ ಫ್ರೀ ಏಜೆಂಟ್ ಆಗುತ್ತಾನೆ. ಯಾವ ತಂಡ ಸೇರಬೇಕೆಂದು ಅವನೇ ನಿರ್ಧರಿಸುತ್ತಾನೆ. ಎಲ್ಲ ತಂಡಗಳಿಗೂ ಒಂದೇ ಮೊತ್ತದ ಥೈಲಿ ಎಂಬ ನಿಯಮವೂ ಇಲ್ಲ. 2025ಕ್ಕೆ 24.1 ಕೋಟಿ ಡಾಲರ್ ಮೀರಿದರೆ ಹೆಚ್ಚುವರಿ ತೆರಿಗೆ ಕಟ್ಟಬೇಕು, ಅಷ್ಟೇ. ಆದ್ದರಿಂದ ಹಣ ಹಿಡಿದು ನಿಂತರೆ ಸಾಲದು, ಆಟಗಾರನಿಗೆ ಈ ಊರಿಗೆ ಬರುವ ಮನಸ್ಸೂ ಆಗಬೇಕು. ಜೈಂಟ್ಸ್‌ಗೆ ವರ್ಷಗಟ್ಟಲೆ ದಕ್ಕದೆ ಹೋದದ್ದು ಅದೇ.

2024ರ ಋತು ಮುಗಿಯುತ್ತಿದ್ದಂತೆ ಝೈದಿ ಅವರ ಜಾಗಕ್ಕೆ ಬಸ್ಟರ್ ಪೋಸಿ ಬಂದರು. ಮೂರೂ ವಿಶ್ವ ಸರಣಿಗಳನ್ನು ಗೆದ್ದ ತಂಡದ ಕ್ಯಾಚರ್, 2012ರಲ್ಲಿ ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ. 2021ರ ನಂತರ ನಿವೃತ್ತಿಯಾಗಿ, ಮರುವರ್ಷ ತಂಡದ ಮಾಲೀಕರ ಗುಂಪು ಸೇರಿದ್ದರು. ಆಡಳಿತದ ಅನುಭವ ಇಲ್ಲದವರಿಗೆ ಇಷ್ಟು ದೊಡ್ಡ ಜವಾಬ್ದಾರಿಯೇ ಎಂಬ ಪ್ರಶ್ನೆ ಸಹಜ. ನನಗೆ ಆ ಚಿಂತೆ ಹೆಚ್ಚಿಲ್ಲ. ಕ್ಯಾಚರ್ ಎಂದರೆ ವಿಕೆಟ್‌ಕೀಪರ್‌ನಂತೆ ಬ್ಯಾಟರ್‌ನ ಹಿಂದೆ, ಮೈದಾನದಲ್ಲಿ ಉಳಿದ ಎಂಟೂ ಮಂದಿಯ ಕಡೆಗೆ ಮುಖ ಮಾಡಿ ಕೂರುವವನು. ಪ್ರತಿ ಪಿಚರ್‌ನ ಬಲ, ಭಯ ಎರಡೂ ಅವನಿಗೆ ಗೊತ್ತಿರುತ್ತವೆ. ಅಧಿಕಾರ ಸಿಗುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ಥರ್ಡ್ ಬೇಸ್ (ರನ್ ಪೂರೈಸಲು ಮುಟ್ಟಬೇಕಾದ ಠಾಣೆಗಳಲ್ಲಿ ಮೂರನೆಯದು) ಕಾಯುವ ಮ್ಯಾಟ್ ಚಾಪ್‌ಮನ್ ಜೊತೆ ಆರು ವರ್ಷಗಳ 15.1 ಕೋಟಿ ಡಾಲರ್ ಒಪ್ಪಂದ ಕುದುರುವಲ್ಲಿ ಪೋಸಿ ಅವರ ಕೈ ಇತ್ತೆಂದು ಆಗಲೇ ಪತ್ರಿಕೆಗಳು ಬರೆದಿದ್ದವು.

ಈಗ ಮುಖ್ಯ ವಿಷಯ: ವಿಲ್ಲಿ ಅಡಾಮೆಸ್. ಡೊಮಿನಿಕನ್ ರಿಪಬ್ಲಿಕ್‌ನ ಈ 29 ವರ್ಷದ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್‌ಗಳ ನಡುವಿನ ಫೀಲ್ಡರ್) ಜೊತೆ ಡಿಸೆಂಬರ್‌ನಲ್ಲಿ ಏಳು ವರ್ಷಗಳ 18.2 ಕೋಟಿ ಡಾಲರ್ ಒಪ್ಪಂದವಾಯಿತು. ಜೈಂಟ್ಸ್ ಇತಿಹಾಸದಲ್ಲೇ ಇದು ಅತಿ ದೊಡ್ಡ ಒಪ್ಪಂದ. ಇದಕ್ಕೂ ಮೊದಲಿನ ದಾಖಲೆ 2013ರಲ್ಲಿ ಪೋಸಿ ಅವರೇ ಸಹಿ ಮಾಡಿದ 16.7 ಕೋಟಿಯದು. ತನ್ನ ದಾಖಲೆಯನ್ನು ತಾನೇ ಇನ್ನೊಬ್ಬನ ಕೈಗಿತ್ತು ಮುರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಅಡಾಮೆಸ್ 2024ರಲ್ಲಿ ಮಿಲ್ವಾಕಿ ಬ್ರೂವರ್ಸ್ ಪರ 161 ಪಂದ್ಯ ಆಡಿ 32 ಹೋಮ್ ರನ್ (ಸಿಕ್ಸರ್‌ನಂತೆ ಗೋಡೆಯಾಚೆಗಿನ ಹೊಡೆತ) ಹೊಡೆದರು, ತಮ್ಮ ಬ್ಯಾಟಿಂಗ್‌ನಿಂದ ತಂಡಕ್ಕೆ 112 ರನ್ ತಂದರು, 21 ಬೇಸ್ ಕದ್ದರು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿದರು. 161 ಎಂಬ ಅಂಕಿಯನ್ನೇ ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಬ್ರ್ಯಾಂಡನ್ ಕ್ರಾಫರ್ಡ್ ಹೋದ ಮೇಲೆ ಶಾರ್ಟ್‌ಸ್ಟಾಪ್ ಜಾಗಕ್ಕೆ ತಂಡದಲ್ಲಿ ಗಟ್ಟಿ ಆಳು ಇರಲಿಲ್ಲ. ಕಳೆದ ಋತುವನ್ನು ನಿಕ್ ಅಹ್ಮದ್ ಜೊತೆ ಆರಂಭಿಸಿ, ಜುಲೈನಲ್ಲಿ ಅವರನ್ನು ಕೈಬಿಟ್ಟು, ಟೈಲರ್ ಫಿಟ್ಸ್‌ಜೆರಾಲ್ಡ್ ಅವರನ್ನು ನಿಲ್ಲಿಸಿದರು. ಫಿಟ್ಸ್‌ಜೆರಾಲ್ಡ್ 15 ಹೋಮ್ ರನ್ ಹೊಡೆದು ಎಲ್ಲರನ್ನೂ ಬೆರಗುಗೊಳಿಸಿದರು ನಿಜ. ಈಗ ಅವರು ಸೆಕೆಂಡ್ ಬೇಸ್‌ಗೆ ಸರಿಯುತ್ತಾರೆ. ಅಂದರೆ ಒಬ್ಬನನ್ನು ತಂದು ಎರಡು ಜಾಗ ಸರಿಪಡಿಸಿದಂತಾಯಿತು. ಚಾಪ್‌ಮನ್ ಕಳೆದ ವರ್ಷ 27 ಹೋಮ್ ರನ್ ಹೊಡೆದು, ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಕೂಡ ಗೆದ್ದರು. ಅವರ ಪಕ್ಕದಲ್ಲಿ ಅಡಾಮೆಸ್ ದಿನವೂ ನಿಂತರೆ, ಇನ್‌ಫೀಲ್ಡ್‌ನ ಎಡಬದಿಯ ಬಗ್ಗೆ ಕೆಲವು ವರ್ಷ ಯೋಚಿಸಬೇಕಾಗಿಯೇ ಇಲ್ಲ.

ಒಂದು ಎಚ್ಚರಿಕೆಯೂ ಇದೆ. ತಂಡದ ತವರಾದ ಒರಾಕಲ್ ಪಾರ್ಕ್ ಹೋಮ್ ರನ್‌ಗಳಿಗೆ ಉದಾರವಾದ ಮೈದಾನವಲ್ಲ. ಬಲತುದಿ ಕೇವಲ 309 ಅಡಿ ದೂರ, ಆದರೆ ಅಲ್ಲಿ ಜೈಂಟ್ಸ್‌ನ ದಂತಕಥೆ ವಿಲ್ಲಿ ಮೇಸ್ ಅವರ ಅಂಗಿ ಸಂಖ್ಯೆಯ ನೆನಪಿಗೆ 24 ಅಡಿ ಎತ್ತರದ ಗೋಡೆ. ಅದರಾಚೆ ಕೊಲ್ಲಿಯ ನೀರು. ಬಲ-ಮಧ್ಯದ ಕಡೆಗೆ ಗೋಡೆ ಒಮ್ಮೆಲೇ 415 ಅಡಿಗೆ ಹಿಂದೆ ಸರಿಯುತ್ತದೆ. ಜೊತೆಗೆ ಸಂಜೆಯ ಚಳಿಗಾಳಿ. 2004ರಲ್ಲಿ ಬ್ಯಾರಿ ಬಾಂಡ್ಸ್ 45 ಹೋಮ್ ರನ್ ಹೊಡೆದ ಮೇಲೆ ಇಂದಿನವರೆಗೆ ಒಬ್ಬ ಜೈಂಟ್ಸ್ ಆಟಗಾರನೂ ಒಂದೇ ಋತುವಿನಲ್ಲಿ 30 ಮುಟ್ಟಿಲ್ಲ. ಇಪ್ಪತ್ತು ವರ್ಷ! ಅಡಾಮೆಸ್ ಆ ಬರವನ್ನು ನೀಗಿಸಬಲ್ಲರು ಎಂದು ನಾನು ನಂಬಿದ್ದೇನೆ, ಏಕೆಂದರೆ ಬಲಗೈ ಬ್ಯಾಟರ್ ಆಗಿ ಅವರು ಚೆಂಡನ್ನು ಎಳೆದು ಹೊಡೆಯುವುದು ಎಡಬದಿಗೆ, ಅಲ್ಲಿ ಗೋಡೆ ಅಷ್ಟು ಕ್ರೂರವಲ್ಲ. ಆದರೂ 25 ಬಂದರೆ ನಾನು ದೂರುವುದಿಲ್ಲ.

ಕಳೆದುಕೊಂಡದ್ದು ಪಿಚರ್ ಬ್ಲೇಕ್ ಸ್ನೆಲ್ ಅವರನ್ನು. ನನಗೆ ನಿಜವಾಗಿ ನೋವಾದದ್ದು ಇಲ್ಲಿ. ಗಾಯದಿಂದ ಹಿಂತಿರುಗಿದ ಮೇಲೆ ಕಳೆದ ಬೇಸಿಗೆಯಲ್ಲಿ ಅವರು ಎಸೆದ ರೀತಿ ಬೇರೆಯೇ ಮಟ್ಟದ್ದು. ಆಗಸ್ಟ್ 2ರಂದು ಸಿನ್ಸಿನಾಟಿ ವಿರುದ್ಧ ಒಂದೂ ಹಿಟ್ (ಬ್ಯಾಟರ್ ಹೊಡೆದು ಬೇಸ್ ತಲುಪುವುದು) ಕೊಡದೆ ಪಂದ್ಯದ ಒಂಬತ್ತೂ ಇನಿಂಗ್ಸ್ ಮುಗಿಸಿದರು. ಎರಡು ವರ್ಷಗಳ ಒಪ್ಪಂದದಲ್ಲಿ ಒಂದು ವರ್ಷಕ್ಕೇ ಹೊರಬರುವ ಹಕ್ಕಿತ್ತು, ಬಳಸಿಕೊಂಡರು. ಐದು ವರ್ಷಕ್ಕೆ 18.2 ಕೋಟಿ ಡಾಲರ್ ಪಡೆದು ಹೋದದ್ದು ಎಲ್ಲಿಗೆ? ಡಾಡ್ಜರ್ಸ್‌ಗೆ. ಅಡಾಮೆಸ್‌ಗೆ ಕೊಟ್ಟ ಒಟ್ಟು ಮೊತ್ತವೂ ಅಷ್ಟೇ ಎಂಬುದನ್ನು ಗಮನಿಸಿ. ಪ್ರತಿದಿನ ಆಡುವವನಿಗೆ ಏಳು ವರ್ಷ ಕೊಡುವುದೋ, ಐದು ದಿನಕ್ಕೊಮ್ಮೆ ಎಸೆಯುವ, ಆಗಾಗ ಗಾಯಗೊಳ್ಳುವ ಪಿಚರ್‌ಗೆ ಐದು ವರ್ಷ ಕೊಡುವುದೋ ಎಂದರೆ ನಾನೂ ಪೋಸಿಯ ಆಯ್ಕೆಯನ್ನೇ ಮಾಡುತ್ತಿದ್ದೆ. ಔಟ್‌ಫೀಲ್ಡರ್ ಮೈಕೆಲ್ ಕನ್‌ಫೋರ್ಟೊ ಕೂಡ ಡಾಡ್ಜರ್ಸ್‌ಗೇ ಹೋದರು. ಆ ನಷ್ಟವನ್ನು ತಡೆದುಕೊಳ್ಳಬಹುದು. ರಿಲೀವರ್ (ಪಂದ್ಯದ ನಡುವೆ ಬರುವ ಬದಲಿ ಪಿಚರ್) ಟೇಲರ್ ರಾಜರ್ಸ್ ಅವರನ್ನು ಸ್ವಲ್ಪ ಹಣವನ್ನೂ ಸೇರಿಸಿ ಸಿನ್ಸಿನಾಟಿಗೆ ಕಳುಹಿಸಿದರು. ಅವರ ಅವಳಿ ಸಹೋದರ ಟೈಲರ್ ರಾಜರ್ಸ್ ಇಲ್ಲೇ ಉಳಿದಿದ್ದಾರೆ. ಒಂದೇ ಬುಲ್‌ಪೆನ್‌ನಲ್ಲಿ, ಅಂದರೆ ರಿಲೀವರ್‌ಗಳ ಗುಂಪಿನಲ್ಲಿ, ಇಬ್ಬರನ್ನೂ ನೋಡುವ ಸಂತೋಷ ಇನ್ನಿಲ್ಲ.

ಸ್ನೆಲ್ ಜಾಗಕ್ಕೆ ಕಾರ್ಬಿನ್ ಬರ್ನ್ಸ್ ಬರಬಹುದೆಂಬ ಆಸೆ ಡಿಸೆಂಬರ್ ಕೊನೆಯವರೆಗೂ ಇತ್ತು. ಅವರು ಕಾಲೇಜು ಆಟ ಆಡಿದ್ದು ಇಲ್ಲೇ ಮೊರಾಗಾದ ಸೇಂಟ್ ಮೇರೀಸ್‌ನಲ್ಲಿ. ಆದರೆ ಅವರ ಮನೆ ಇರುವುದು ಅರಿಜೋನಾದಲ್ಲಿ. ಆರು ವರ್ಷಕ್ಕೆ 21 ಕೋಟಿ ಡಾಲರ್‌ಗೆ ಡೈಮಂಡ್‌ಬ್ಯಾಕ್ಸ್ ಸೇರಿದರು. ಬದಲಿಗೆ ಜನವರಿಯಲ್ಲಿ ಬಂದವರು ಜಸ್ಟಿನ್ ವರ್ಲ್ಯಾಂಡರ್, ಒಂದು ವರ್ಷಕ್ಕೆ 1.5 ಕೋಟಿ. 262 ಗೆಲುವು, ಮೂರು ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್) ಪ್ರಶಸ್ತಿ. ಈ ತಿಂಗಳ 20ಕ್ಕೆ 42 ವರ್ಷ ತುಂಬುತ್ತದೆ. ಕಳೆದ ವರ್ಷ ಹ್ಯೂಸ್ಟನ್‌ನಲ್ಲಿ ಗಾಯಗಳ ನಡುವೆ 17 ಪಂದ್ಯ ಮಾತ್ರ ಆರಂಭಿಸಿದರು, ಒಂಬತ್ತು ಇನಿಂಗ್ಸ್‌ಗೆ ಸರಾಸರಿ 5.48 ರನ್ ಬಿಟ್ಟುಕೊಟ್ಟರು. ಆರಂಭಿಕ ಪಿಚರ್‌ಗೆ ಇದು ಕಳಪೆ ಅಂಕಿ. ಅವರಿಂದ ಹಳೆಯ ವರ್ಲ್ಯಾಂಡರ್‌ನನ್ನು ನಿರೀಕ್ಷಿಸುವುದು ತಪ್ಪು. ಇಪ್ಪತ್ತೈದು ಪಂದ್ಯಗಳಲ್ಲಿ ಐದಾರು ಇನಿಂಗ್ಸ್ ಎಸೆದುಕೊಟ್ಟರೂ ಹಣಕ್ಕೆ ನ್ಯಾಯ ಸಿಕ್ಕಂತೆ. ಅದಕ್ಕಿಂತ ಮುಖ್ಯವಾಗಿ, ಎಳೆಯ ಪಿಚರ್‌ಗಳು ಅವರ ಪಕ್ಕದಲ್ಲಿ ಒಂದಿಡೀ ವರ್ಷ ಕುಳಿತು ಕಲಿಯುತ್ತಾರೆ.

ಪಿಚಿಂಗ್‌ನ ಬೆನ್ನೆಲುಬು ಲೋಗನ್ ವೆಬ್. 2023ರಲ್ಲಿ 216 ಇನಿಂಗ್ಸ್, ಕಳೆದ ವರ್ಷವೂ 200ಕ್ಕಿಂತ ಹೆಚ್ಚು. ಇಂದಿನ ಕಾಲದಲ್ಲಿ ಇಷ್ಟು ಎಸೆಯುವವರು ಬೆರಳೆಣಿಕೆಯಷ್ಟು. ಎರಡನೆಯವರು ರಾಬಿ ರೇ, 2021ರ ಸೈ ಯಂಗ್ ವಿಜೇತರು. ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ಕಳೆದ ಜುಲೈನಲ್ಲಿ ಮರಳಿ ಏಳು ಪಂದ್ಯವಷ್ಟೇ ಆರಂಭಿಸಿದ್ದರು. ಅವರು ಪೂರ್ತಿ ಋತು ಎಸೆದರೆ ಸ್ನೆಲ್ ಬಿಟ್ಟುಹೋದ ಖಾಲಿ ಜಾಗದ ಬಹುಪಾಲು ತುಂಬುತ್ತದೆ. ಐದನೆಯ ಜಾಗದವರೆಗೆ ಜಾರ್ಡನ್ ಹಿಕ್ಸ್, ಹೇಡನ್ ಬರ್ಡ್‌ಸಾಂಗ್, ಲ್ಯಾಂಡೆನ್ ರೂಪ್, ಹಾಗೂ ಇಲ್ಲೇ ಕಾಂಕರ್ಡ್‌ನ ಶಾಲೆಯಲ್ಲಿ ಆಡಿದ ಕೈಲ್ ಹ್ಯಾರಿಸನ್ ಪೈಪೋಟಿಯಲ್ಲಿದ್ದಾರೆ. ಕೊನೆಯ ಇನಿಂಗ್ಸ್ ಮುಗಿಸುವ ಕ್ಲೋಸರ್ ರಯಾನ್ ವಾಕರ್. ಕಳೆದ ವರ್ಷ ಒಂಬತ್ತು ಇನಿಂಗ್ಸ್‌ಗೆ ಎರಡು ರನ್ನೂ ಕೊಡಲಿಲ್ಲ. 2023ರಲ್ಲಿ ಕೊನೆಯಲ್ಲಿ ಬಂದು ಮುನ್ನಡೆ ಕಾಪಾಡಿ 39 ಪಂದ್ಯ ಉಳಿಸಿ ಕಳೆದ ಆಗಸ್ಟ್‌ನಲ್ಲಿ ಸ್ಥಾನ ಕಳೆದುಕೊಂಡ ಕಮಿಲೊ ಡೊವಾಲ್ ಲಯ ಮರಳಿ ಪಡೆದರೆ ಬುಲ್‌ಪೆನ್ ಲೀಗ್‌ನ ಅತ್ಯುತ್ತಮ ಗುಂಪುಗಳಲ್ಲಿ ಒಂದಾಗುತ್ತದೆ.

ನನ್ನ ನಿರೀಕ್ಷೆ ಹೆಚ್ಚು ನಿಂತಿರುವುದು ಜಂಗ್ ಹೂ ಲೀ ಮೇಲೆ. ಕೊರಿಯಾ ಲೀಗ್‌ನ ತಾರೆ. ಅವರ ತಂದೆ ಲೀ ಜಾಂಗ್ ಬಿಯಮ್ ‘ಗಾಳಿಯ ಮಗ’ ಎಂದು ಹೆಸರಾದ ವೇಗದ ಬೇಸ್‌ಬಾಲ್ ಆಟಗಾರ, ಹಾಗಾಗಿ ಇವರು ‘ಗಾಳಿಯ ಮೊಮ್ಮಗ’. ಆರು ವರ್ಷಗಳ 11.3 ಕೋಟಿ ಒಪ್ಪಂದದ ಮೊದಲ ವರ್ಷದಲ್ಲೇ, ಮೇ ತಿಂಗಳಲ್ಲಿ, ಚೆಂಡು ಹಿಡಿಯಲು ಹಾರಿ ಗೋಡೆಗೆ ಅಪ್ಪಳಿಸಿದಾಗ ಅವರ ಭುಜದ ಕೀಲು ತಪ್ಪಿತು. 37 ಪಂದ್ಯಕ್ಕೆ ಋತು ಮುಗಿಯಿತು. ಬ್ಯಾಟಿಂಗ್ ಪಟ್ಟಿಯ ಮೇಲ್ತುದಿಯಲ್ಲಿ ಅವರು ಬೇಸ್ ತಲುಪುತ್ತಿದ್ದರೆ, ಹಿಂದೆ ಬರುವ ಅಡಾಮೆಸ್, ಚಾಪ್‌ಮನ್, ಹೀಲಿಯಟ್ ರಾಮೋಸ್ ಹೊಡೆಯುವ ಪ್ರತಿ ಹೋಮ್ ರನ್‌ಗೂ ಬೆಲೆ ಹೆಚ್ಚು. ರಾಮೋಸ್ ಹೆಸರನ್ನೂ ನೆನಪಿಡಿ. ಕಳೆದ ಸೆಪ್ಟೆಂಬರ್‌ನಲ್ಲಿ, 2000ರಲ್ಲಿ ತೆರೆದ ಆ ಮೈದಾನದಲ್ಲಿ ಚೆಂಡನ್ನು ನೇರವಾಗಿ ಬಲಗೋಡೆಯಾಚೆಯ ಮೆಕೋವಿ ಕೋವ್ ನೀರಿಗೆ ಹೊಡೆದ ಮೊದಲ ಬಲಗೈ ಬ್ಯಾಟರ್ ಆದರು.

ದೌರ್ಬಲ್ಯ ಎಲ್ಲಿ? ಫರ್ಸ್ಟ್ ಬೇಸ್ ಮತ್ತು ಡೆಸಿಗ್ನೇಟೆಡ್ ಹಿಟರ್ (ಫೀಲ್ಡಿಂಗ್ ಇಲ್ಲದೆ ಬ್ಯಾಟಿಂಗ್ ಮಾತ್ರ ಮಾಡುವವನು) ಜಾಗದಲ್ಲಿ. ಲಮಾಂಟ್ ವೇಡ್ ತಾಳ್ಮೆಯಿಂದ ಬೇಸ್ ತಲುಪುತ್ತಾರೆ, ಆದರೆ ದೊಡ್ಡ ಹೊಡೆತಗಳು ಕಡಿಮೆ. ಇದಕ್ಕೆ ಉತ್ತರ ಮೈನರ್ ಲೀಗ್‌ನಲ್ಲಿದೆ: ಬ್ರೈಸ್ ಎಲ್ಡ್ರಿಜ್, ಆರಡಿ ಏಳಂಗುಲ ಎತ್ತರದ 20 ವರ್ಷದ ಯುವಕ, ಒಂದೇ ವರ್ಷದಲ್ಲಿ ಕೆಳಗಿನ ಹಂತದಿಂದ, ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್ ಎ ವರೆಗೆ ಏರಿದವನು. ಏಪ್ರಿಲ್‌ನಲ್ಲೇ ಅವನನ್ನು ಕರೆತನ್ನಿ ಎಂಬ ಕೂಗು ಕೇಳಿಬರುತ್ತದೆ, ಆದರೆ ಆತುರ ಬೇಡ ಎಂದೇ ನನ್ನ ಅಭಿಪ್ರಾಯ. ಅವನು ಇನ್ನೂ ಕಲಿಯಬೇಕು. ಋತುವಿನ ಕೊನೆಗೆ ಬಂದರೆ ಸಾಕು.

ಇನ್ನು ಎದುರಾಳಿಗಳು. ನ್ಯಾಷನಲ್ ಲೀಗ್ ವೆಸ್ಟ್ ವಿಭಾಗದಲ್ಲಿ ಕಳೆದ ವರ್ಷ ಡಾಡ್ಜರ್ಸ್ 98, ಸ್ಯಾನ್ ಡಿಯಾಗೊ 93, ಅರಿಜೋನಾ 89 ಗೆದ್ದವು. ವಿಶ್ವ ಸರಣಿಯನ್ನೂ ಗೆದ್ದ ಡಾಡ್ಜರ್ಸ್ ಅಷ್ಟಕ್ಕೇ ನಿಲ್ಲದೆ ಸ್ನೆಲ್, ಜಪಾನಿನ ರೋಕಿ ಸಸಾಕಿ, ಟ್ಯಾನರ್ ಸ್ಕಾಟ್ ಅವರನ್ನೂ ಸೇರಿಸಿಕೊಂಡಿದೆ. ವಿಭಾಗ ಗೆಲ್ಲುವ ಕನಸು ಈ ವರ್ಷಕ್ಕೆ ಬೇಡ. ಪ್ರತಿ ಲೀಗ್‌ನಿಂದ ಆರು ತಂಡ ಪ್ಲೇಆಫ್‌ಗೆ ಹೋಗುತ್ತವೆ. ಮೂರು ವಿಭಾಗಗಳ ವಿಜೇತರು, ಉಳಿದವುಗಳಲ್ಲಿ ಹೆಚ್ಚು ಗೆದ್ದ ಮೂರು ತಂಡಗಳಿಗೆ ವೈಲ್ಡ್ ಕಾರ್ಡ್. ಕಳೆದ ವರ್ಷ 89 ಗೆದ್ದ ಅರಿಜೋನಾಗೂ ಕೊನೆಯ ಬಾಗಿಲು ಮುಚ್ಚಿತು, ಅಷ್ಟೇ ಗೆದ್ದ ಮೆಟ್ಸ್ ಮತ್ತು ಅಟ್ಲಾಂಟಾ ಒಳಹೊಕ್ಕವು. ಅಂದರೆ 80ರಿಂದ 90ರ ಹತ್ತಿರ ಹೋಗಬೇಕು. ಅಡಾಮೆಸ್ ಮೂರು ನಾಲ್ಕು ಗೆಲುವು ಕೂಡಿಸಬಲ್ಲರು, ಆರೋಗ್ಯವಂತ ಲೀ ಎರಡು, ಪೂರ್ತಿ ಋತುವಿನ ರೇ ಎರಡು. ಸ್ನೆಲ್ ಇಲ್ಲದ್ದಕ್ಕೆ ಎರಡು ಮೂರು ಕಳೆಯಿರಿ. ನನ್ನ 84-85 ಬಂದದ್ದು ಹೀಗೆ.

ನೀವು ಹೊಸದಾಗಿ ನೋಡಲು ಆರಂಭಿಸಲು ಇದು ಒಳ್ಳೆಯ ವರ್ಷ ಎಂದೇ ಹೇಳುತ್ತೇನೆ. ಓಕ್ಲೆಂಡ್‌ನ ಎ’ಸ್ ತಂಡ ಕಳೆದ ಸೆಪ್ಟೆಂಬರ್‌ನಲ್ಲಿ ಕೊನೆಯ ಪಂದ್ಯ ಆಡಿ ಊರು ಬಿಟ್ಟಿತು. ಬೇ ಏರಿಯಾದ ಈ ಬದಿಗೂ ಆ ಬದಿಗೂ ಈಗ ಉಳಿದಿರುವುದು ಇದೊಂದೇ ತಂಡ. ಚಾಪ್‌ಮನ್, ಅಡಾಮೆಸ್, ಲೀ, ರಾಮೋಸ್, ಕ್ಯಾಚರ್ ಪ್ಯಾಟ್ರಿಕ್ ಬೇಲಿ, ವೆಬ್: ಈ ಆರು ಹೆಸರು ಕಲಿತರೆ ದಿನವೂ ಅವರೇ ಮೈದಾನದಲ್ಲಿರುತ್ತಾರೆ, ವೆಬ್ ಐದು ದಿನಕ್ಕೊಮ್ಮೆ. ಮಾರ್ಚ್ 27ರಂದು ಸಿನ್ಸಿನಾಟಿಯಲ್ಲಿ ಮೊದಲ ಪಂದ್ಯ, ತವರಿನಲ್ಲಿ ಏಪ್ರಿಲ್ 4ರಂದು ಸಿಯಾಟಲ್ ವಿರುದ್ಧ. ಮೇ ಕೊನೆಯವರೆಗೆ ಎರಡು ಸಂಗತಿ ಗಮನಿಸಿ: ಲೀ ಪ್ರತಿದಿನ ಆಡುತ್ತಿದ್ದಾರೆಯೇ, ರೇ ತಪ್ಪದೆ ಐದು ದಿನಕ್ಕೊಮ್ಮೆ ಎಸೆಯುತ್ತಿದ್ದಾರೆಯೇ. ಎರಡಕ್ಕೂ ಹೌದು ಎಂದಾದರೆ ನನ್ನ ಅಂದಾಜನ್ನು ನಾನೇ ಮೇಲಕ್ಕೆ ತಿದ್ದುತ್ತೇನೆ. ಒರಾಕಲ್ ಪಾರ್ಕ್‌ಗೆ ಹೋಗುವಾಗ, ಬಿಸಿಲಿದ್ದರೂ, ದಪ್ಪ ಜಾಕೆಟ್ ಮರೆಯಬೇಡಿ.