ವಿಮಾನದ ಹೊಗೆ ಮತ್ತು ಸರ್ಕಾರದ ಹಣ

ಪ್ರಶ್ನೆ: ವಿಮಾನಯಾನದ ಹಸಿರುಮನೆ ಅನಿಲಗಳನ್ನು ತಗ್ಗಿಸಲು ಅಮೆರಿಕ ಸರ್ಕಾರ ಘೋಷಿಸಿದ ಅನುದಾನ ಯಾವುದಕ್ಕಾಗಿ? ಉದ್ಯಮಕ್ಕೆ ತೆರಿಗೆದಾರರ ಹಣವೇಕೆ?

ಉತ್ತರ: 2022ರ ಹಣದುಬ್ಬರ ಇಳಿಕೆ ಕಾಯ್ದೆಯಡಿ ಅಲ್ಲಿನ ಫೆಡರಲ್ ವಿಮಾನಯಾನ ಆಡಳಿತವು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಸುಮಾರು 29 ಕೋಟಿ ಡಾಲರ್‌ನಲ್ಲಿ 24 ಕೋಟಿಗೂ ಹೆಚ್ಚು ಪಾಲು ಸುಸ್ಥಿರ ಇಂಧನದ ಉತ್ಪಾದನೆ, ಸಾಗಣೆ, ಮಿಶ್ರಣ ಹಾಗೂ ಸಂಗ್ರಹಕ್ಕೆ ಮೀಸಲಾಯಿತು, ಉಳಿದದ್ದು ಕಡಿಮೆ ಹೊಗೆಯುಗುಳುವ ತಂತ್ರಜ್ಞಾನಕ್ಕೆ. ಬಳಸಿದ ಅಡುಗೆ ಎಣ್ಣೆ, ಕೃಷಿ ತ್ಯಾಜ್ಯ ಮುಂತಾದವುಗಳಿಂದ ತಯಾರಾಗುವ ಈ ಇಂಧನವನ್ನು ಮಾಮೂಲಿ ವಿಮಾನ ಇಂಧನದೊಂದಿಗೆ ಬೆರೆಸಿ ಈಗಿರುವ ಎಂಜಿನ್‌ಗಳಲ್ಲೇ ಉರಿಸಬಹುದು, ಆದರೆ ಬೆಲೆ ಬಹಳ ದುಬಾರಿ. ದೂರದ ಹಾರಾಟಕ್ಕೆ ಬ್ಯಾಟರಿಯ ಭಾರ ಒಗ್ಗದಿರುವಾಗ, ಮೊದಲ ಕಾರ್ಖಾನೆಗಳ ನಷ್ಟಭಯವನ್ನು ಸರ್ಕಾರ ಹಂಚಿಕೊಳ್ಳುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಪದೇ ಪದೇ ಹಾರುವವರು ಬಹುತೇಕ ಉಳ್ಳವರೇ ಆದ್ದರಿಂದ, ಈ ಹೊರೆಯಲ್ಲಿ ದೊಡ್ಡ ಪಾಲನ್ನು ಅವರೇ ಹೊರಬೇಕು.