ತಾಯಿ, ಮಗಳೊಂದಿಗೆ ಒಂದೇ ಬೆಳಿಗ್ಗೆ: ಕುಕ್ಕರಹಳ್ಳಿಯೋ, ಲಿಂಗಾಂಬುಧಿಯೋ?

ಮೊಣಕಾಲು ನೋವಿರುವ ತಾಯಿ, ಆರು ವರ್ಷದ ಮಗಳು, ಕೆರೆಯ ಹಕ್ಕಿ ನೋಡಲು ಮೈಸೂರಿನಲ್ಲಿ ಒಂದೇ ಬೆಳಿಗ್ಗೆ ಎಂದಿದ್ದೀರಿ. ಹಾಗಾದರೆ ಅನುಮಾನವೇ ಬೇಡ, ಕುಕ್ಕರಹಳ್ಳಿ ಕೆರೆಗೇ ಹೋಗಿ. ಲಿಂಗಾಂಬುಧಿ ಕೆರೆ ನನಗೂ ಇಷ್ಟವೇ, ಆದರೆ ಅದು ಊರಿನ ಅಂಚಿನಲ್ಲಿದೆ.

ಪೂರ್ತಿ ಸುತ್ತು ಹಾಕುವ ಹಟ ಬೇಡ. ನಾಲ್ಕು ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಏರಿಯ ಮೇಲೆ ಸ್ವಲ್ಪ ದೂರ ನಡೆದು, ತಾಯಿಯವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ. ಮಗಳಿಗೆ ಹಾವಕ್ಕಿ ತೋರಿಸಿ: ಮೈಯೆಲ್ಲ ನೀರಿನೊಳಗೆ, ಮೇಲೆ ಕತ್ತು ಮಾತ್ರ, ಥೇಟ್ ಹಾವು! ಮೀನು ಹಿಡಿದ ಮೇಲೆ ಅದು ಕೊಂಬೆಯೇರಿ, ತೋಯ್ದ ರೆಕ್ಕೆಗಳನ್ನು ಒಗೆದ ಬಟ್ಟೆಯಂತೆ ಹರವಿಕೊಂಡು ಕೂರುತ್ತದೆ. ಹೆಜ್ಜಾರ್ಲೆಗಳು (ಪೆಲಿಕನ್) ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಬೈನಾಕ್ಯುಲರ್ ಇದ್ದರೆ ತನ್ನಿ.

ಇದು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಈಗ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣಕ್ಕೆ ಹೊಂದಿಕೊಂಡಿದೆ, ಕುವೆಂಪು ಅವರು ನಡೆದಾಡುತ್ತಿದ್ದ ದಾರಿಯೂ ಇದೇ.

ಆರೂವರೆಯೊಳಗೆ ತಲುಪಿ. ಬಿಸಿಲೇರಿದರೆ ಹಕ್ಕಿಗಳೂ ಕಡಿಮೆ, ತಾಯಿಯವರಿಗೂ ಆಯಾಸ. ಹಕ್ಕಿಗಳಿಗೆ ಬಿಸ್ಕತ್ತು ಎಸೆಯಬೇಡಿ ಎಂದು ಮಗಳಿಗೆ ಮೊದಲೇ ಹೇಳಿಡಿ. ನನ್ನ ಮಗ ಒಮ್ಮೆ ಇಡೀ ಪೊಟ್ಟಣವನ್ನೇ ನೀರಿಗೆ ಹಾಕಿದ್ದ.