ಮದುವೆ ಕಥೆ ಬಿಡಿ, ಬೋರ್ ನೀರಿನ ಬಗ್ಗೆ ಬರೆಯಿರಿ

ನಮಸ್ಕಾರ. ಪರಮಾಣುಗಳನ್ನು ಕೂಡಿಸುವ ರಾಸಾಯನಿಕ ಬಂಧದ ಬಗ್ಗೆ ನೀವು ಕಳಿಸಿದ ‘ಪರಮಾಣುಗಳ ಮದುವೆ’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲು ಮದುವೆ ವಿಷಯ. ಸೋಡಿಯಂ ಗಂಡು, ಕ್ಲೋರಿನ್ ಹೆಣ್ಣು, ಎಲೆಕ್ಟ್ರಾನ್ ವರದಕ್ಷಿಣೆ ಅಂತ ಎರಡು ಪುಟ ಎಳೆದಿದ್ದೀರಿ. ವರದಕ್ಷಿಣೆ ತಮಾಷೆಗೂ ಬೇಡ ಅನ್ನುವವನು ನಾನು, ಅದು ಹಾಗಿರಲಿ. ವಿಜ್ಞಾನವೇ ಇಲ್ಲಿ ಕೈಕೊಡುತ್ತದೆ. ಉಪ್ಪಿನ ಹರಳಿನಲ್ಲಿ ಜೋಡಿಗಳೇ ಇಲ್ಲ. ಒಂದೊಂದು ಸೋಡಿಯಂ ಅಯಾನಿನ (ಅಂದರೆ ಆವೇಶ ಹೊತ್ತ ಪರಮಾಣುವಿನ) ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ಯಾರಿಗೆ ಯಾರು ಅಂತ ಹೇಳುವುದು? ಹೀಗೆ ಎಲ್ಲಾ ಕಡೆಯಿಂದ ಸೆಳೆತ ಇರುವುದರಿಂದಲೇ ಉಪ್ಪು ಕರಗಿ ದ್ರವವಾಗಲು ಸುಮಾರು 801 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಬಾಣಲೆಯಲ್ಲಿ ಎಷ್ಟು ಹುರಿದರೂ ಅದು ಹರಳಾಗಿಯೇ ಇರುತ್ತದೆ, ಅಲ್ವಾ?

‘ಬಂಧ ಮುರಿದಾಗ ಶಕ್ತಿ ಬರುತ್ತದೆ, ಅದರಿಂದಲೇ ಗ್ಯಾಸ್ ಉರಿಯುತ್ತದೆ’ ಎಂದಿದ್ದೀರಿ. ಇದು ಪೂರಾ ಉಲ್ಟಾ. ಬಂಧ ಮುರಿಯಲು ಶಕ್ತಿ ಕೊಡಬೇಕು. ಹೊಸ ಬಂಧ ಕೂಡಿಕೊಂಡಾಗ ಶಕ್ತಿ ಹೊರಬರುತ್ತದೆ. ಸಿಲಿಂಡರಿನ ಪ್ರೊಪೇನ್, ಬ್ಯುಟೇನ್ ಉರಿದು ಕಾರ್ಬನ್ ಡೈಆಕ್ಸೈಡ್, ನೀರು ಆಗುವಾಗ ಕೊಟ್ಟಿದ್ದಕ್ಕಿಂತ ಬರುವುದು ಜಾಸ್ತಿ. ಆ ಮಿಕ್ಕಿದ್ದರಲ್ಲಿ ನಮ್ಮ ಅಡುಗೆ.

ಇನ್ನು ನನಗೆ ಇಷ್ಟವಾದ ಸಾಲು. ‘ಮುಳಬಾಗಿಲಿನ ನಮ್ಮ ಮನೆಯಲ್ಲಿ ಬೋರ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಕರೆ ಕಟ್ಟುತ್ತದೆ, ಅಮ್ಮ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ’ ಎಂದು ಬರೆದು ಮುಂದೆ ಓಡಿಬಿಟ್ಟಿದ್ದೀರಿ. ಅಯ್ಯೋ, ಅಲ್ಲೇ ನಿಲ್ಲಬೇಕಿತ್ತು! ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ತಳ ಹಿಡಿಯುತ್ತದೆ. ಆ ಕರೆಯಲ್ಲಿ ನೀವು ಹೇಳಹೊರಟ ಎರಡೂ ಬಂಧಗಳಿವೆ. ಕಾರ್ಬೊನೇಟಿನ ಒಳಗೆ ಒಂದು ಕಾರ್ಬನ್, ಮೂರು ಆಕ್ಸಿಜನ್ ಎಲೆಕ್ಟ್ರಾನ್ ಹಂಚಿಕೊಂಡಿವೆ, ಅದು ಸಹವೇಲೆನ್ಸೀಯ ಬಂಧ. ಋಣ ಆವೇಶದ ಆ ಇಡೀ ಗುಂಪನ್ನು ಧನ ಆವೇಶದ ಕ್ಯಾಲ್ಸಿಯಂ ಹಿಡಿದಿದೆ, ಅದು ಅಯಾನಿಕ. ಒಂದು ಚೂರು ಕರೆ ಕೆರೆದು ಚಮಚದಲ್ಲಿ ಹಾಕಿ, ನಿಂಬೆರಸ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಆಮ್ಲ ತಗಲಿದ ಕಾರ್ಬೊನೇಟ್ ಮತ್ತೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದೆ. ಕಣ್ಣಾರೆ ನೋಡಿ, ನೋಡಿದ್ದನ್ನೇ ಬರೆಯಿರಿ. ಸೋಡಿಯಂ ಬೀಗರು ತಾವಾಗಿಯೇ ಜಾಗ ಖಾಲಿ ಮಾಡುತ್ತಾರೆ.

ಒಂದು ವಾಕ್ಯವನ್ನಂತೂ ಇವತ್ತೇ ಹೊಡೆದುಹಾಕಿ: ‘ಕುದಿಸಿದರೆ ಫ್ಲೋರೈಡ್ ಕೂಡ ಹೋಗುತ್ತದೆ.’ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು ಅನ್ನುತ್ತದೆ ಕುಡಿಯುವ ನೀರಿನ ಮಾನದಂಡ. ನಮ್ಮ ಕೋಲಾರ ಜಿಲ್ಲೆಯ ಎಷ್ಟೋ ಬೋರ್‌ಗಳು ಅದನ್ನು ದಾಟಿವೆ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತಿದೆ. ಪತ್ರಿಕೆಯಲ್ಲಿ ಬಂದದ್ದನ್ನು ನಂಬಿ ಯಾರಾದರೂ ಅದೇ ನೀರು ಕುದಿಸಿ ಕುಡಿಸಿದರೆ ನೀವೂ ಹೊಣೆ, ನಾನೂ ಹೊಣೆ.

ತಿದ್ದಿದ ಲೇಖನ 600 ಪದ ದಾಟದಿರಲಿ. ಕೆಜಿಎಫ್‌ನ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿಮಣ್ಣಿನ ರಾಶಿಗಳ, ಪ್ಯಾರಾ ಚೆನ್ನಾಗಿದೆ, ಆದರೆ ಇದರೊಳಗೆ ಬೇಡ. ಸುಲಭಕ್ಕೆ ಯಾವುದರ ಜೊತೆಗೂ ಕೂಡದ ಚಿನ್ನ ಸೈನೈಡ್ ದ್ರಾವಣದಲ್ಲಿ ಹೇಗೆ ಕರಗುತ್ತದೆ, ಸತು ಹಾಕಿ ಅದನ್ನು ಹೇಗೆ ವಾಪಸ್ ಪಡೆಯುತ್ತಾರೆ ಅನ್ನುವುದು ಬೇರೆಯೇ ಲೇಖನ. ನೀರಿನದು ಮುಗಿದ ಮೇಲೆ ಅದನ್ನೂ ಕಳಿಸಿ.